ಬಿಸಿನೀರೋ ಸ್ಪಿರಿಟ್ಟೋ

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬದುಕಿದ್ದಾಗ ಅವರ ಅಂಗಡಿಯ ಹಲಗೆಯ ಮೇಲೇ ಅದು ಇರಲಿಲ್ಲ. ಅಲ್ಲಿ ಗಂಡನ ಹೆಸರಿತ್ತು, ಕೆಳಗೆ ‘ರೇಡಿಯೋ, ಟೇಪ್, ಟಿ.ವಿ. ರಿಪೇರಿ’ ಎಂದಿತ್ತು. ಹೋದ ತಿಂಗಳು ಅವರು ತೀರಿಕೊಂಡ ಸುದ್ದಿ ಗಂಗಾವತಿಯ ಚಹಾದಂಗಡಿಗೆ ಬಂದದ್ದೂ ಹಾಗೆಯೇ. “ರೇಡಿಯೋ ಅಂಗಡಿಯವರ ಹೆಂಡ್ತಿ ಹೋದ್ರಂತ” ಎಂದರು ಯಾರೋ. ನನಗೆ ಕಪ್ಪು-ಬಸಿ ಕೆಳಗಿಡದೆ ಇರಲಾಗಲಿಲ್ಲ. “ಅಂಗಡಿಯವರ ಹೆಂಡ್ತಿ ಅಲ್ಲಪಾ, ಅಂಗಡೀನ ಹೋಗೈತಿ” ಎಂದೆ. ಅಂದವನಿಗೆ ತಿಳಿಯಲಿಲ್ಲ. ಅವನಿಗೆ ತಿಳಿಯಲೆಂದೇ ಇದನ್ನು ಬರೆಯುತ್ತಿದ್ದೇನೆ.

ನಾನು ಇರಕಲ್ಲಗಡದವನು. ಐದನೆಯ ಇಯತ್ತೆ ಮುಗಿಯುವ ಮೊದಲೇ ಶಾಲೆ ಬಿಟ್ಟವನು. ಎಪ್ಪತ್ತರ ದಶಕದಲ್ಲಿ ಕೊಪ್ಪಳದ ಒಂದು ವೈಂಡಿಂಗ್ ಅಂಗಡಿಯಲ್ಲಿ ಸುಟ್ಟ ಪಂಪುಗಳ ತಂತಿ ಬಿಚ್ಚುತ್ತ, ಹೊಸದು ಸುತ್ತುತ್ತ ಕೆಲಸ ಕಲಿತೆ. ಕುಷ್ಟಗಿ, ಯಲಬುರ್ಗಾದ ಬಾವಿಗಳಿಂದ ಚಕ್ಕಡಿಯಲ್ಲಿ ಹೇರಿಕೊಂಡು ಬಂದ ಮೋಟಾರುಗಳಲ್ಲಿ ನನ್ನ ಕೈಯಿಂದ ಹೋದದ್ದು ಅದೇ ರೋಗಕ್ಕೆ ತಿರುಗಿ ಬಂದದ್ದು ನನಗೆ ನೆನಪಿಲ್ಲ. ಇದನ್ನು ಜಂಬ ಎನ್ನುವವರು ಎನ್ನಲಿ. ಆಮೇಲೆ ಗಂಗಾವತಿಯ ಒಂದು ಅಕ್ಕಿ ಮಿಲ್ಲಿಗೆ ಕರೆಂಟಿನ ಮಿಸ್ತ್ರಿಯಾಗಿ ಸೇರಿದೆ. ಅಲ್ಲಿದ್ದಾಗಲೇ ಅಕ್ಕಾರನ್ನು ಕಂಡದ್ದು. ನಾನು ಅವರನ್ನು ಕರೆದದ್ದು ಕೊನೆಯತನಕ ಹಾಗೆಯೇ, ವಯಸ್ಸಿನಲ್ಲಿ ಇಬ್ಬರೂ ಹೆಚ್ಚುಕಡಿಮೆ ಸರಿಯಿದ್ದರೂ.

ಮೊದಲ ಸಲವೇ ಕಂಡೆ ಎನ್ನುವುದೂ ಸುಳ್ಳೇ. ಮಿಲ್ಲಿನ ಆಫೀಸಿನ ರೇಡಿಯೋ ಕೆಟ್ಟಾಗ ಒಯ್ದುಕೊಟ್ಟೆ. ಕಟ್ಟೆಯ ಮೇಲೆ ಅವರ ಗಂಡ ಕೂತಿದ್ದರು. ಇಸ್ತ್ರಿ ಅಂಗಿ, ಎಣ್ಣೆ ಹಚ್ಚಿದ ಕ್ರಾಪು, ನಗುಮುಖ. ಅವರ ಹಿಂದೆ ಹೂವಿನ ಪರದೆ. ಪರದೆಯ ಆಚೆಯಿಂದ ಬೆಸುಗೆಯ ರಾಳ ಸುಟ್ಟ ವಾಸನೆ.

“ಇಲ್ಲಿ ಬಿಟ್ಟು ಹೋಗ್ರಿ. ಒಳಗ ಕೊಡ್ತೀನಿ” ಎಂದರು.

“ಒಳಗ ಯಾರದಾರ್ರಿ?”

“ನಮ್ಮ ಹೆಡ್ಡಾಫೀಸು.”

ಎಲ್ಲರಿಗೂ ಇದೇ ಜವಾಬು. ಮಂದಿ ನಕ್ಕು ಹೋಗುತ್ತಿದ್ದರು. ಒಳಗೆ ಹೈದರಾಬಾದಿನ ಮೆಕ್ಯಾನಿಕ್ಕನನ್ನು ಇಟ್ಟಿದ್ದಾರೆಂದು ಕೆಲವರು, ಮದ್ರಾಸಿನವನೆಂದು ಕೆಲವರು. ಹೈದರಾಬಾದು ಎಂದವರದು ಅರ್ಧ ಖರೆ. ಅಕ್ಕಾರು ಮದುವೆಗೆ ಮುಂಚೆ ಅಲ್ಲಿನ ಒಂದು ಕಾರ್ಖಾನೆಯಲ್ಲಿ ಸಾಲಿನಲ್ಲಿ ಕೂತು ಸರ್ಕ್ಯೂಟ್ ಬೋರ್ಡುಗಳಿಗೆ ಬೆಸುಗೆ ಹಾಕುತ್ತಿದ್ದವರು. ಕಾಲುವೆ ನೀರು ಬಂದಾಗ ಆಂಧ್ರದಿಂದ ಬಂದು ನೆಲೆನಿಂತ ಕ್ಯಾಂಪಿನ ಮನೆತನ ಗಂಡನದು. ಅವರಿಗೆ ಮಾತು ಬರುತ್ತಿತ್ತು, ಇವರಿಗೆ ಕೆಲಸ ಬರುತ್ತಿತ್ತು. ಮಧ್ಯದಲ್ಲಿ ಪರದೆ ಹಾಕಿಕೊಂಡರು.

ಎರಡನೆಯ ಸಲ ಹೋದಾಗ ಪರದೆಯ ಆಚೆಯಿಂದ ಬೈಗುಳ ಕೇಳಿಸಿತು. ಅಳವಂಡಿ ಕಡೆಯ ಯಜಮಾನರೊಬ್ಬರು ತಮ್ಮ ರೇಡಿಯೋ ತಂದಿದ್ದರು, ಗೂಡಿನಲ್ಲಿ ದೇವರ ಪಕ್ಕ ಇಟ್ಟದ್ದು. ಅದರೊಳಗೆ ಹಲ್ಲಿಯ ಮೊಟ್ಟೆ, ವಿಭೂತಿ, ಒಣಗಿದ ಹೂವು. ಪರದೆ ಸರಿಯಿತು. ಕೈಯಲ್ಲಿ ಬೆಸುಗೆ ಹಾಕುವ ಕಾದ ಕಡ್ಡಿ ಹಿಡಿದ ಹೆಂಗಸು. ಬಳೆಗಳನ್ನು ಮೊಣಕೈತನಕ ಏರಿಸಿ ಹಳೆ ಸೀರೆಯ ಅಂಚಿನಿಂದ ಬಿಗಿದು ಕಟ್ಟಿದ್ದರು.

“ಪೂಜಿ ಮಾಡ್ರಿ. ಬ್ಯಾಡ ಅನ್ನಂಗಿಲ್ಲ ನಾನು. ಡಬ್ಬಿ ಮ್ಯಾಲೆ ಮಾಡ್ರಿ, ಡಬ್ಬಿ ಒಳಗ ಮಾಡಬ್ಯಾಡ್ರಿ. ದೇವ್ರು ಹೊರಗ ಕುಂತನೂ ತಗೋತಾನ.”

ಯಜಮಾನರು ನನ್ನ ಮುಖ ನೋಡಿದರು, ನಾನು ಚಾವಣಿ ನೋಡಿದೆ. ಅಕ್ಕಾರು ಪರದೆ ಎಳೆದುಕೊಂಡರು. ಅವರ ಕನ್ನಡದಲ್ಲಿ ತೆಲುಗಿನ ಎಳೆತ ಇತ್ತು, ಬೈಯುವಾಗ ಮಾತ್ರ ಅಪ್ಪಟ ಗಂಗಾವತಿ.

ಅವರ ಕೆಲಸದ ರೀತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಯಾವ ಬೋರ್ಡೇ ಬರಲಿ, ಮುಟ್ಟುವ ಮೊದಲು ಮೂಸುತ್ತಿದ್ದರು, ಮಾವಿನಹಣ್ಣು ಕೊಳ್ಳುವವರು ತೊಟ್ಟು ಮೂಸಿದ ಹಾಗೆ. ಆಮೇಲೆ ಒಣ ಕಸಬರಿಗೆಯ ಕಡ್ಡಿಯಿಂದ ಒಂದೊಂದೇ ತಂತಿಯನ್ನು ನೂಕಿ ನೋಡುತ್ತಿದ್ದರು. ಬೆಸುಗೆ ಹಾಕುವಾಗ ಉಸಿರು ಬಿಗಿಹಿಡಿಯುತ್ತಿದ್ದರು. ಆಗ ಯಾರಾದರೂ ಮಾತಾಡಿಸಿದರೆ ಉತ್ತರ ಬರುತ್ತಿರಲಿಲ್ಲ, ಮುಗಿದ ಮೇಲೆ ಬೈಗುಳ ಬರುತ್ತಿತ್ತು. ಚಹಾ ಬಸಿಗೆ ಸುರಿದುಕೊಂಡು ಆರಿಸಿ ಕುಡಿಯುವರು, ಆದರೆ ಮೇಜಿನ ಹತ್ತಿರ ಬಸಿ ತರಗೊಡುತ್ತಿರಲಿಲ್ಲ. ಗಂಡನಿಗೂ ಬಿಡುತ್ತಿರಲಿಲ್ಲ.

ಈಗ ಆ ದಿನದ ಮಾತಿಗೆ ಬರುತ್ತೇನೆ.

ಎಂಬತ್ತರ ದಶಕದ ನಡುವೆ ನಮ್ಮ ಸಾವಕಾರರು ಮಿಲ್ಲಿಗೆ ಹೊಸ ಡ್ರೈಯರ್ ತರಿಸಿದರು. ನೆನೆಸಿ ಕುದಿಸಿದ ನೆಲ್ಲನ್ನು ಮೊದಲು ಸಿಮೆಂಟಿನ ಕಣದಲ್ಲಿ ಬಿಸಿಲಿಗೆ ಹರವುತ್ತಿದ್ದೆವು. ಡ್ರೈಯರ್ ಬಂದ ಮೇಲೆ ಹೊಟ್ಟಿನ ಒಲೆಯ ಬಿಸಿಗಾಳಿಯಿಂದಲೇ ಒಣಗಿಸುವುದು. ಅದಕ್ಕೊಂದು ಬೂದುಬಣ್ಣದ ಕಬ್ಬಿಣದ ಪೆಟ್ಟಿಗೆ. ಒಳಗೆ ಸರ್ಕ್ಯೂಟ್ ಬೋರ್ಡು, ಮುಂದೆ ಬಿಸಿ ತೋರಿಸುವ ಮುಳ್ಳು. ಬಿಸಿ ಹೆಚ್ಚಾದರೆ ಗಾಳಿಯ ಪಂಖವನ್ನು ತಾನೇ ನಿಲ್ಲಿಸುವುದು, ಕಡಿಮೆಯಾದರೆ ತಾನೇ ಹಚ್ಚುವುದು. ಸಾವಕಾರರಿಗೆ ಆ ಪೆಟ್ಟಿಗೆಯ ಮೇಲೆ ವಿಪರೀತ ಪ್ರೀತಿ. ಕೊಪ್ಪಳದ ಬೀಗರು ಬಂದರೆ ಮನೆಗಿಂತ ಮೊದಲು ಅದನ್ನು ತೋರಿಸುತ್ತಿದ್ದರು. ಅದರ ಕೀಲಿಕೈ ನನ್ನ ಸೊಂಟದ ಉಡದಾರದಲ್ಲಿ ಇರುತ್ತಿತ್ತು. ಮಹಾನವಮಿಗೆ ನಾನು ಊರಿಗೆ ಹೋಗುವಾಗ ಮಾತ್ರ ಅದನ್ನು ಸಾವಕಾರರ ಕೈಗೆ ಕೊಟ್ಟು ಹೋಗಿದ್ದೆ.

ಹಬ್ಬ ಮುಗಿದು ಸುಗ್ಗಿ ಬಂತು. ಡ್ರೈಯರ್ ಹಗಲೂ ರಾತ್ರಿ ನಡೆಯುತ್ತಿತ್ತು. ಒಂದು ಮುಂಜಾನೆ ಮುಳ್ಳು ಕುಣಿಯಲು ಶುರುಮಾಡಿತು. ಏರಿ, ತಟ್ಟನೆ ಬಿದ್ದು, ಮತ್ತೆ ಏರಿತು. ಪೆಟ್ಟಿಗೆಯೊಳಗೆ ಟಕ್ ಟಕ್ ಎಂದು ಸದ್ದು, ಪಂಖ ಹತ್ತುವುದು, ಆರುವುದು. ಮಧ್ಯಾಹ್ನದ ಹೊತ್ತಿಗೆ ಪೂರಾ ನಿಂತಿತು. ಅದೇ ಹೊತ್ತಿಗೆ ಹುಲಿಗಿಯ ಕಡೆಯಿಂದ ಮೋಡ ಏರತೊಡಗಿತ್ತು. ತೊಟ್ಟಿಗಳ ತುಂಬ ಕುದಿಸಿದ ಹಸಿ ನೆಲ್ಲು. ಒಂದು ದಿನ ಅದು ತೊಟ್ಟಿಯಲ್ಲೇ ಕೂತರೆ ಹುಳಿಯೇರುತ್ತದೆ, ಅಕ್ಕಿ ಕಪ್ಪಾಗುತ್ತದೆ. ಕಣದಲ್ಲಿ ಹರವಿದರೆ ಮಳೆ. ಡ್ರೈಯರ್ ಕಂಪನಿಯವರು, ತಮ್ಮ ಇಂಜಿನಿಯರು ಮದ್ರಾಸಿನಿಂದ ಬರಲು ನಾಲ್ಕು ದಿನ ಬೇಕು ಎಂದು ಟ್ರಂಕ್ ಕಾಲಿನಲ್ಲಿ ಹೇಳಿದರು.

ನಾನು ಹೊರಗಿನದೆಲ್ಲ ನೋಡಿದೆ. ಮೋಟಾರು, ಸ್ಟಾರ್ಟರು, ಫ್ಯೂಜು, ತಂತಿ. ಎಲ್ಲ ಚೊಕ್ಕ ಇತ್ತು. ರೋಗ ಪೆಟ್ಟಿಗೆಯೊಳಗೆ ಎಂದು ಸಾವಕಾರರಿಗೆ ಹೇಳಿದೆ. ಅವರು ಅದನ್ನೇ ಕಾಯುತ್ತಿದ್ದವರ ಹಾಗೆ ತಿರುಗಿ ಬಿದ್ದರು.

“ಪೆಟಿಗಿ ಕೀಲಿಕೈ ಯಾರ ಕಡೆ ಐತಿ?”

“ನನ್ನ ಕಡೆ ಐತ್ರಿ.”

“ಮತ್ತ ಯಾರು ಕೈ ಹಾಕ್ಯಾರ?”

“ನಾ ಅದರೊಳಗ ಕೈ ಹಾಕಿಲ್ರಿ.”

“ಬೊಗಳಬ್ಯಾಡ. ನಿನಗ ಎಲ್ಲಾದು ಬಿಚ್ಚಿ ನೋಡೋ ಚಟ ಐತಿ. ಐದನೇತ್ತ ಓದಿದಾಂವ ಎಲೆಕ್ಟ್ರಾನಿಕ್ಕಿಗೆ ಕೈ ಹಾಕಿದ್ರ ಹಿಂಗ ಆಕ್ಕತಿ. ತಾ ಇಲ್ಲಿ ಕೀಲಿಕೈ.”

ಕಣ ಬಳಿಯುವ ಹೆಂಗಸರು, ಹಮಾಲರು ಎಲ್ಲ ಕಸಬರಿಗೆ, ಚೀಲ ಹಿಡಿದು ನಿಂತು ನೋಡುತ್ತಿದ್ದರು. ಉಡದಾರದಿಂದ ಕೀಲಿಕೈ ಬಿಚ್ಚಿ ಕೊಟ್ಟೆ. ಬಿಚ್ಚುವಾಗ ಗಂಟು ಬೇಗ ಬರಲಿಲ್ಲ. ಆ ಹೊತ್ತು ನನಗೆ ಬಹಳ ಉದ್ದ ಎನಿಸಿತು.

“ಈ ನೆಲ್ಲು ಕೆಟ್ಟರ ಮಿಸ್ತ್ರಿ, ನೀ ಈ ಮಿಲ್ಲಿನಾಗ ಇರಂಗಿಲ್ಲ. ಬ್ಯಾರೆ ಮಿಲ್ಲಿನಾಗೂ ಇರಂಗಿಲ್ಲ” ಎಂದರು ಸಾವಕಾರರು.

ಅದು ಬರಿ ಮಾತಲ್ಲ. ಗಂಗಾವತಿಯಲ್ಲಿ ಒಬ್ಬ ಸಾವಕಾರ ಒಬ್ಬ ಮಿಸ್ತ್ರಿಯ ಬಗ್ಗೆ ಆಡಿದ ಮಾತು ಮರುದಿನದ ಹೊತ್ತಿಗೆ ಎಲ್ಲ ಮಿಲ್ಲುಗಳ ಗೇಟು ಮುಟ್ಟುತ್ತಿತ್ತು. ಕಳ್ಳ ಎನಿಸಿಕೊಂಡವನಿಗೆ ಇನ್ನೊಂದು ಕಡೆ ಹಮಾಲಿಯಾದರೂ ಸಿಕ್ಕೀತು. ಯಂತ್ರ ಕೆಡಿಸಿದ ಮಿಸ್ತ್ರಿಗೆ ಏನೂ ಸಿಗುತ್ತಿರಲಿಲ್ಲ. ನನ್ನ ಕಡೆ ಇದ್ದದ್ದು ಕೈಗುಣದ ಹೆಸರು ಒಂದೇ.

ಸಾವಕಾರರು ಇನ್ನೊಂದು ದಾರಿ ಹೇಳಿದರು. “ಪೆಟಿಗಿ ಬಿಟ್ಟು ಪಂಖಾಕ್ಕ ಡೈರೆಕ್ಟ್ ಲೈನ್ ಕೊಡು. ನಡಸು.”

“ಬಿಸಿ ಎಷ್ಟೈತಿ ಅನ್ನೋದು ತಿಳಿಯಂಗಿಲ್ರಿ. ಅಕ್ಕಿ ನುಚ್ಚಾಕ್ಕತಿ. ಹೊಟ್ಟಿಗೆ ಬೆಂಕಿ ಹತ್ತಿದ್ರ ಮಿಲ್ಲು ಹೋಕ್ಕತಿ. ನಾ ಕೊಡಂಗಿಲ್ಲ.”

ಸಾವಕಾರರು ಕೀಲಿಕೈ ಮುಷ್ಟಿಯಲ್ಲಿ ಹಿಡಿದು ಮೋಡ ನೋಡಿದರು. ಆಮೇಲೆ ಹೇಳಿದರು: “ಹೋಗು. ಆ ರೇಡಿಯೋ ಅಂಗಡಿಯಾಂವನ್ನ ಕರಕೊಂಡು ಬಾ.”

ಹೋದೆ. ಗಂಡ ಎಂದಿನಂತೆ ಬೋರ್ಡು ಬಿಚ್ಚಿ ತನ್ನಿರಿ, ಒಳಗ ಕೊಡ್ತೀನಿ ಎಂದರು. ಬಿಚ್ಚಿದರೆ ಅದೂ ನನ್ನ ತಲೆಯ ಮೇಲೇ ಬರುತ್ತದೆ, ನಾನು ಬಿಚ್ಚುವುದಿಲ್ಲ ಎಂದೆ. ಪರದೆಯ ಆಚೆ ಕುರ್ಚಿ ಸರಿದ ಸದ್ದಾಯಿತು. ಅಕ್ಕಾರು ಕಾದ ಕಡ್ಡಿಯನ್ನು ಒದ್ದೆ ಅರಿವೆಗೆ ಒರಸಿ ಆರಿಸುತ್ತ ಹೊರಗೆ ಬಂದರು. ಗಂಡ ಗಾಬರಿಯಾದರು.

“ಏಮಂಡಿ, ಅಂಗಡಿ ನೋಡಿಕೊಳ್ರಿ” ಎಂದು ಅವರಿಗೆ ಹೇಳಿ, ನನಗೆ, “ನಡಿಯಯ್ಯಾ, ಸೈಕಲ್ ತಂದೀಯೇನು?”

ಸೈಕಲ್ಲಿನ ಹಿಂದೆ ಕೂತು, ಮಡಿಲಲ್ಲಿ ಹತ್ಯಾರದ ಕಬ್ಬಿಣದ ಡಬ್ಬಿ ಇಟ್ಟುಕೊಂಡು, ಹಾಳಾದ ಒಂದು ಟಿ.ವಿ. ಬೋರ್ಡನ್ನು ಬಗಲಲ್ಲಿ ಹಿಡಿದು ಬಂದರು. ಅದೇಕೆ ಎಂದು ಕೇಳಿದೆ. “ಅಂಗಡಿಯಾಗ ಹೊಸಾದು ಸಿಗಂಗಿಲ್ಲ. ಸತ್ತದ್ದರಿಂದ ಕಿತ್ತು ಜೀವ ಇದ್ದದ್ದಕ್ಕ ಹಾಕೂದು” ಎಂದರು.

ಮಿಲ್ಲಿನ ಗೇಟಿನಲ್ಲಿ ಸಾವಕಾರರು ಅವರನ್ನು ನೋಡಿ ನನ್ನ ಕಡೆ ತಿರುಗಿದರು. “ಅಂವನ್ನ ಕರಿ ಅಂದ್ರ ಅವನ ಮನಿಯಾಕಿನ್ನ ಕರಕೊಂಡು ಬಂದೀಯಲ್ಲೋ.”

“ನಿಮ್ಮ ಆಫೀಸಿನ ರೇಡಿಯೋ ಯಾರು ರಿಪೇರಿ ಮಾಡಿದ್ರು ಅಂತ ತಿಳಕೊಂಡೀರಿ?” ಎಂದರು ಅಕ್ಕಾರು. ನಿಲ್ಲಲೂ ಇಲ್ಲ, ನಡೆದೇ ಹೋದರು. ಕಣ ಬಳಿಯುವವರಲ್ಲಿ ಹಿರಿಯಳಾದ ಹನುಮವ್ವ ಹಿಂದಿನಿಂದ ಹೇಳಿದಳು: “ಸಾವ್ಕಾರ್ರ, ಸೂಲಗಿತ್ತಿ ಬಂದಾಗ ಗಂಡಸೋ ಹೆಂಗಸೋ ಅಂತ ಕೇಳಬಾರದ್ರಿ.” ಹೆಂಗಸರು ಸೆರಗು ಬಾಯಿಗೆ ಹಿಡಿದರು.

ಸಾವಕಾರರೇ ಪೆಟ್ಟಿಗೆಯ ಬಾಗಿಲು ತೆಗೆದರು. ಅಕ್ಕಾರು ಕೈಬ್ಯಾಟರಿ ಹಚ್ಚಿ ಮೇಲಿನಿಂದ ತಳದತನಕ ಬೆಳಕು ಆಡಿಸಿದರು. ತಳದಲ್ಲಿ ಬೆಳಕು ಒಂದು ಗಳಿಗೆ ನಿಂತಿತು. ಆಮೇಲೆ ಮೂಗು ಹತ್ತಿರ ತಂದರು. ಹುಳಿ ವಾಸನೆ ಎಂದರು. ನನಗೂ ಬಂತು, ಆದರೆ ಕುದಿಸುವ ಮಿಲ್ಲಿನಲ್ಲಿ ಗೋಡೆಗೂ ಹುಳಿ ವಾಸನೆ, ನಮ್ಮ ಅಂಗಿಗೂ ಹುಳಿ ವಾಸನೆ.

“ಚಾಲೂ ಮಾಡು.”

ಮಾಡಿದೆ. ಮುಳ್ಳು ಎದ್ದಿತು. ಹೊರಗಿನಿಂದ ಬರುವ ತಂತಿಗಳೆಲ್ಲ ಬೋರ್ಡಿನ ಅಂಚಿನಲ್ಲಿ ಒಂದು ಬಿಳಿ ಪ್ಲಾಸ್ಟಿಕ್ಕಿನ ಸಾಲಿಗೆ ಬಂದು ಕೂಡುತ್ತಿದ್ದವು. ಬೋರ್ಡಿಗೆ ಬೆಸೆದ ಎಂಟು ಪಿನ್ನುಗಳ ಕನೆಕ್ಟರು, ಅದರ ಮೇಲೆ ತಂತಿಗಳ ಟೊಪ್ಪಿಗೆ. ಅಕ್ಕಾರು ಕಸಬರಿಗೆ ಕಡ್ಡಿಯಿಂದ ಮೊದಲನೆಯ ತಂತಿಯನ್ನು ಮೆಲ್ಲಗೆ ನೂಕಿದರು. ಮುಳ್ಳು ಅಲುಗಲಿಲ್ಲ. ಎರಡನೆಯದು, ಮೂರನೆಯದು, ಏನೂ ಆಗಲಿಲ್ಲ. ನಾಲ್ಕನೆಯದಕ್ಕೆ ಕಡ್ಡಿ ತಾಗಿತು. ಮುಳ್ಳು ಧಡ್ಡನೆ ಬಿತ್ತು. ಕಡ್ಡಿ ತೆಗೆದರು, ಎದ್ದಿತು. ತಾಗಿಸಿದರು, ಬಿತ್ತು.

“ಬಂದ್ ಮಾಡು. ಫ್ಯೂಜು ಕಿತ್ತು ನನ್ನ ಕೈಯಾಗ ಕೊಡು.”

ಡ್ರೈಯರಿನ ಮೂರೂ ಫ್ಯೂಜಿನ ಹಿಡಿಗಳನ್ನು ಸೆರಗಿನಲ್ಲಿ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಸೆರಗಿನಲ್ಲಿ ಫ್ಯೂಜು ಇರುವತನಕ ಯಾರು ಸ್ವಿಚ್ ಒತ್ತಿದರೂ ಕರೆಂಟು ಬರುವಂತಿಲ್ಲ. ಮುಂದೆಯೂ ಯಾವ ಕೆಲಸಕ್ಕೆ ಹೋದರೂ ಅವರದು ಇದೇ ರಿವಾಜು. ಆಮೇಲೆ ಟೊಪ್ಪಿಗೆ ಕಿತ್ತು, ಬೋರ್ಡು ಬಿಚ್ಚಿ ತಂದು, ತೂಕದ ಕಟ್ಟೆಯ ಮೇಲೆ ಬೆಳಕಿಗೆ ಇಟ್ಟು, ಭೂತಗನ್ನಡಿ ಹಿಡಿದರು. ಪಿನ್ನುಗಳನ್ನು ನನಗೆ ತೋರಿಸಿದರು. ಉಳಿದ ಪಿನ್ನುಗಳು ಬೆಳ್ಳಗೆ ಹೊಳೆಯುತ್ತಿದ್ದವು. ನಾಲ್ಕನೆಯದು ಬುಡದಲ್ಲಿ ಮೈಲುತುತ್ತದ ಹಾಗೆ ಹಸಿರುಗಟ್ಟಿ, ಇಲಿ ಕಡಿದಂತೆ ಸಣ್ಣಗಾಗಿತ್ತು. ಪಕ್ಕದ ಎರಡಕ್ಕೂ ಕಲೆ. ಪ್ಲಾಸ್ಟಿಕ್ಕು ಕಿಡಿಗೆ ಕಂದಿತ್ತು.

“ಇದು ಯಾರೂ ಬಿಚ್ಚಿ ಕೆಡಿಸಿದ್ದಲ್ಲ. ನೀರು ಬಿದ್ದು ತಿಂದದ್ದು” ಎಂದರು.

ಸಾವಕಾರರು ಬಿಡಲಿಲ್ಲ. “ಮಿಸ್ತ್ರೀನ ತೊಟ್ಟಿ ನೀರು ಸಿಡಿಸ್ಯಾನ. ಒದ್ದೀ ಕೈಲೆ ಬಾಗಲಾ ತಗದಿರಬೇಕು.”

ಅಕ್ಕಾರು ಭೂತಗನ್ನಡಿ ಕೆಳಗಿಟ್ಟರು. ಬಳೆಗಳನ್ನು ಏರಿಸಿ ಬಟ್ಟೆಪಟ್ಟಿ ಕಟ್ಟಿಕೊಳ್ಳುತ್ತ ಕೇಳಿದರು: “ಇದಕ್ಕ ಬಿದ್ದದ್ದು ಯಾವ ನೀರು?”

ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿ ತಾವೇ ಮುಂದುವರಿಸಿದರು.

“ತೊಟ್ಟಿ ನೀರಾಗಿದ್ರ ಸ್ಪಿರಿಟ್ಟಿಲೆ ತೊಳೀತೀನಿ. ಎಳನೀರು, ಕಾಯಿನೀರು, ಸಕ್ಕರಿ ಇದ್ದದ್ದು ಬಿದ್ದಿದ್ರ ಸ್ಪಿರಿಟ್ಟಿಗೆ ಅದು ಬಿಡಂಗಿಲ್ಲ. ಬಿಸಿನೀರಿಲೆ ತೊಳೀಬೇಕು. ತಪ್ಪು ತೊಳದ್ರ ಹೊಸಾ ಪಿನ್ನೂ ಇದ ಗತಿಗೆ ಬರತೈತಿ. ಯಾರ ತಪ್ಪು ಅಂತ ಕೇಳಾಕತ್ತಿಲ್ಲ ನಾನು. ಯಾತರಿಂದ ತೊಳೀಲಿ ಅಂತ ಕೇಳಾಕತ್ತೀನಿ.”

ಕಾಯಿನೀರು ಎಂಬ ಮಾತು ಬಿದ್ದದ್ದೇ ತಡ, ಹಮಾಲರ ಕಣ್ಣು ನೆಲಕ್ಕೆ ಹೋದವು. ಹನುಮವ್ವ ಕಸಬರಿಗೆಯ ಹಿಡಿಯನ್ನು ತಿರುವತೊಡಗಿದಳು. ನನಗೆ ಆಗ ಹೊಳೆಯಿತು. ಮಹಾನವಮಿಯ ಆಯುಧಪೂಜೆಗೆ ನಮ್ಮ ಮಿಲ್ಲಿನಲ್ಲಿ ಪ್ರತಿ ಯಂತ್ರಕ್ಕೂ ಒಂದು ಕಾಯಿ ಒಡೆಯುವುದು ಪದ್ಧತಿ. ಆ ದಿನ ನಾನು ಊರಲ್ಲಿದ್ದೆ. ಕೀಲಿಕೈ ಸಾವಕಾರರ ಕೈಯಲ್ಲಿತ್ತು. ಉಳಿದವರೆಲ್ಲ ಇಲ್ಲಿದ್ದರು. ಕೊಬ್ಬರಿ ಚೂರು ತಿಂದಿದ್ದರು. ಅಂದರೆ ಎಲ್ಲರ ಮುಂದೆ ನನ್ನ ಉಡದಾರದ ಕೀಲಿಕೈ ಬಿಚ್ಚಿಸುವಾಗಲೂ ಇವರಿಗೆಲ್ಲ ಗೊತ್ತಿರಬಹುದಿತ್ತು, ಅಥವಾ ಗೊತ್ತಾಗಿದ್ದು ಈಗಷ್ಟೇ ಇರಬಹುದು. ಸಾವಕಾರರ ಎದುರು ಯಾರು ಬಾಯಿ ತೆಗೆಯಬೇಕು? ದಿನಗೂಲಿಯ ಮಂದಿ. ನಾನೇ ಹೇಳಬಹುದಿತ್ತು. ಆದರೆ ನಾನು ಹೇಳಿದರೆ ಅದು ಸಿಕ್ಕಿಬಿದ್ದವನು ಇನ್ನೊಬ್ಬರ ಮೇಲೆ ಹಾಕಿದ ಮಾತಾಗುತ್ತಿತ್ತು.

ಕಣದ ಮೇಲೆ ನೆರಳು ಬಂತು. ಬಿಸಿಲು ಹೋಯಿತು. ಗಾಳಿಗೆ ಹೊಟ್ಟು ಎದ್ದಿತು.

“ಎರಡರಾಗ ಯಾವುದರ ಒಂದಕ್ಕ ತೊಳೀರಿ, ಹೊತ್ತು ಹೊಂಟೈತಿ” ಎಂದರು ಸಾವಕಾರರು. ಅವರ ದನಿ ಇಳಿದಿತ್ತು.

“ಹಂಗ ನಾ ತೊಳಿಯಂಗಿಲ್ರಿ. ನಿಮ್ಮ ನೆಲ್ಲು, ನಿಮ್ಮ ಯಂತ್ರ. ಯಾವ ನೀರು ಅಂತ ಗೊತ್ತಿದ್ದವರು ಇಲ್ಲಿ ಯಾರರ ಇದ್ರ ಹೇಳ್ರಿ. ಇಲ್ಲಂದ್ರ ನಾ ಹೋಗ್ತೀನಿ, ಮದ್ರಾಸಿನವರು ಬಂದು ನೋಡಲಿ.”

ಹಾಗೆಂದು ಡಬ್ಬಿಯ ಮುಚ್ಚಳ ಹಾಕಿ, ತೂಕದ ಕಟ್ಟೆಯ ಮೇಲೆ ಕೂತುಬಿಟ್ಟರು. ಸೊಂಟದಲ್ಲಿ ಡ್ರೈಯರಿನ ಫ್ಯೂಜು. ದೂರದಲ್ಲಿ ಮೊದಲ ಗುಡುಗು ಹೊರಳಿತು. ಸಾವಕಾರರು ಮೋಡ ನೋಡಿದರು, ತೊಟ್ಟಿಗಳನ್ನು ನೋಡಿದರು, ಕೈಯಲ್ಲಿದ್ದ ಕೀಲಿಕೈಯನ್ನು ನೋಡಿದರು. ನನ್ನನ್ನು ನೋಡಲಿಲ್ಲ.

“ಕಾಯಿನೀರು” ಎಂದರು ಸಾವಕಾರರು.

ಅಕ್ಕಾರು ಎದ್ದೇಳಲಿಲ್ಲ. “ಖಾತ್ರಿ ಅದೇನ್ರಿ? ನೋಡಿದವರು ಯಾರದಾರ?”

“ನಾನ ಒಡದೀನಿ. ಹಬ್ಬದಾಗ. ಬಾಗಲಾ ತಗದು, ಒಳಗ.” ಒಂದೊಂದೇ ಮಾತು, ತೂಕದ ಕಲ್ಲು ಇಟ್ಟ ಹಾಗೆ. “ಹೊಸಾ ಯಂತ್ರ ಅಂತ.”

“ಹನುಮವ್ವ, ಬಿಸಿನೀರು ತಾ” ಎಂದರು ಅಕ್ಕಾರು. ಅದೇ ಮೊದಲ ಸಲ ಮಿಲ್ಲಿಗೆ ಬಂದವರಿಗೆ ನಮ್ಮ ಹನುಮವ್ವನ ಹೆಸರು ಯಾವಾಗ ತಿಳಿಯಿತೋ.

ಮುಂದಿನದು ಕೆಲಸ. ನಾನು ಜೀವನದಲ್ಲಿ ಬಹಳ ಕೆಲಸ ನೋಡಿದ್ದೇನೆ, ಅದನ್ನು ಮರೆತಿಲ್ಲ. ಬೋರ್ಡನ್ನು ನಾನು ಎರಡೂ ಕೈಯಿಂದ ಅಂಚಿನಲ್ಲಿ ಹಿಡಿದೆ. ಅಕ್ಕಾರು ಕನೆಕ್ಟರಿನ ಪ್ಲಾಸ್ಟಿಕ್ಕನ್ನು ಕಟರಿನಿಂದ ಚೂರುಚೂರಾಗಿ ಒಡೆದು ತೆಗೆದರು. ಪಿನ್ನುಗಳು ಬರಿ ಮೈಯಲ್ಲಿ ನಿಂತವು. ಒಂದೊಂದಕ್ಕೇ ಹಿಂದಿನಿಂದ ಕಾದ ಕಡ್ಡಿ ತಾಗಿಸಿ, ಬೆಸುಗೆ ಕರಗಿದಾಗ ಮುಂದಿನಿಂದ ಚಿಮಟದಲ್ಲಿ ಎಳೆದರು. ಸಾವಕಾರರು ತಡೆಯಲಾರದೆ, “ಎಲ್ಲಾ ಒಮ್ಮಿಗೇ ಕಿತ್ತು ಬಿಡ್ರಿ” ಎಂದರು.

ಉಸಿರು ಬಿಟ್ಟ ಮೇಲೆ ಉತ್ತರ ಬಂತು. “ಹಲ್ಲು ಕೀಳಿಸೋವಾಗ ಡಾಕ್ಟರಿಗೂ ಹಂಗ ಹೇಳ್ತೀರೇನ್ರಿ?”

ಹಮಾಲರಲ್ಲಿ ಒಬ್ಬ ಕೆಮ್ಮಿದ. ಒಮ್ಮೆಗೇ ಕಿತ್ತರೆ ಬೋರ್ಡಿನ ತಾಮ್ರದ ಗೆರೆಗಳು ಸಿಪ್ಪೆ ಸುಲಿದ ಹಾಗೆ ಎದ್ದುಬರುತ್ತವೆ ಎಂದು ಆಮೇಲೆ ನನಗೆ ಬಿಡಿಸಿ ಹೇಳಿದರು. ಎಷ್ಟು ಎಚ್ಚರದಿಂದ ತೆಗೆದರೂ ನಾಲ್ಕನೆಯ ಪಿನ್ನಿನ ಜೊತೆ ಅದರ ಗೆರೆ ಎದ್ದೇ ಬಂತು. ಅಕ್ಕಾರ ಹಣೆಯಲ್ಲಿ ಗೆರೆ ಮೂಡಿತು. ಮೊದಲ ಸಲ ಅವರ ಕೈ ನಿಂತದ್ದು ಆಗ.

“ಸಣ್ಣ ತಂತಿ ಬೇಕು. ಗಟ್ಟೀದು.”

ನನ್ನ ವೈಂಡಿಂಗಿನ ತಂತಿ ಇತ್ತು. ಓಡಿ ತಂದು, ಮೇಲಿನ ಬಣ್ಣವನ್ನು ಬ್ಲೇಡಿನಿಂದ ಹೆರೆದು, ತುದಿಗೆ ಬೆಸುಗೆ ಹಿಡಿಯುವ ಹಾಗೆ ಮಾಡಿ ಕೊಟ್ಟೆ. ಹೆರೆಯುವುದನ್ನು ನೋಡುತ್ತಿದ್ದರು. “ಛಲೋ ಐತಿ ಕೈ” ಎಂದರು. ಸಾವಕಾರರು ಪಕ್ಕದಲ್ಲೇ ನಿಂತಿದ್ದರು.

ಹನುಮವ್ವನ ಬಿಸಿನೀರು ಬಂತು. ಹಲ್ಲುಜ್ಜುವ ಬ್ರಶ್ಶಿನಿಂದ ಅಂಚನ್ನು ತೊಳೆದರು. ನೀರು ಮೊದಲು ಕಂದಾಗಿ, ಆಮೇಲೆ ತಿಳಿಯಾಗಿ ಇಳಿಯಿತು. ಅದರ ಮೇಲೆ ಸ್ಪಿರಿಟ್ಟು ಹಾಕಿ, ಒಲೆಯ ದೂರದ ಶಾಖಕ್ಕೆ ಹಿಡಿದು ಒಣಗಿಸಿದರು. ನನಗೆ ಪೆಟ್ಟಿಗೆಯೊಳಗೆ ಒರಸಲು ಹೇಳಿದರು. ಒರಸುವಾಗ ತಳದಲ್ಲಿ ತೆಂಗಿನ ನಾರಿನ ಒಂದು ಎಳೆ, ಒಂದು ಚಿಟಿಕೆ ಕುಂಕುಮ ಸಿಕ್ಕಿದವು. ಹೊರಗೆ ಜಾಡಿಸಿದೆ.

ಟಿ.ವಿ. ಬೋರ್ಡಿನ ಕನೆಕ್ಟರಿಗೆ ಪಿನ್ನು ಹೆಚ್ಚಿದ್ದವು. ಹಳೆಯದರ ತೂತಿಗೆ ಹಿಡಿದು ಸಾಲು ಕೂಡುತ್ತದೆಂದು ನೋಡಿ, ಹೆಚ್ಚಿನದನ್ನು ಕತ್ತರಿಸಿದರು. ಮೊದಲು ಒಂದು ತುದಿಯ ಪಿನ್ನಿಗೆ, ಆಮೇಲೆ ಇನ್ನೊಂದು ತುದಿಯದಕ್ಕೆ ಬೆಸುಗೆ. ಕಣ್ಣ ಮಟ್ಟಕ್ಕೆ ಎತ್ತಿ ನೇರ ಕೂತಿದೆಯೋ ನೋಡಿ, ನಡುವಿನವು. ಎದ್ದ ಗೆರೆಯ ಜಾಗದಲ್ಲಿ ನನ್ನ ತಂತಿ. ಕಂದಿದ ಟೊಪ್ಪಿಗೆಯನ್ನೂ ಬದಲಿಸಿದರು. ಹೊಸ ಬೆಸುಗೆಗಳು ಸಾಲಾಗಿ ಹಸಿ ನವಣೆಕಾಳಿನ ಹಾಗೆ ಮಿಂಚುತ್ತಿದ್ದವು.

ಅಷ್ಟರಲ್ಲಿ ಮಳೆಯ ಮೊದಲ ಹನಿಗಳು ಕಣದ ಸಿಮೆಂಟಿನ ಮೇಲೆ ಕಪ್ಪಗೆ ಬಿದ್ದವು. ಹೆಂಗಸರು ಒಳಗೆ ಸರಿದರು. ಅಕ್ಕಾರು ಬೋರ್ಡು ಕೂರಿಸಿ, ಸೆರಗಿನ ಗಂಟು ಬಿಚ್ಚಿ ಫ್ಯೂಜು ನನ್ನ ಕೈಗೆ ಕೊಟ್ಟರು. ಹಾಕಿದೆ. ಸ್ವಿಚ್ ಒತ್ತಿದೆ. ಮುಳ್ಳು ಎದ್ದು, ನಡುಗಿ, ಮೆಲ್ಲಗೆ ಏರಿತು. ಅಕ್ಕಾರು ಕಸಬರಿಗೆ ಕಡ್ಡಿಯನ್ನು ನನಗೇ ಕೊಟ್ಟರು. ನಾನು ನಾಲ್ಕನೆಯ ತಂತಿಯನ್ನು ನೂಕಿದೆ. ಮುಳ್ಳು ಅಲುಗಲಿಲ್ಲ. ಇನ್ನೂ ಜೋರಾಗಿ ನೂಕಿದೆ. ಅಲುಗಲಿಲ್ಲ. ಪಂಖ ಹತ್ತಿತು. ಆ ಗಾಳಿಯ ಸದ್ದು ಕೇಳಿ ಹಮಾಲರು ಹೇಳಿಸಿಕೊಳ್ಳದೆಯೇ ತೊಟ್ಟಿಗಳ ಕಡೆ ನಡೆದರು.

ಸಾವಕಾರರು ನನಗೆ ತಪ್ಪಾಯಿತು ಅನ್ನಲಿಲ್ಲ. ಅನ್ನುವ ಜಾತಿಯ ಮನುಷ್ಯರಲ್ಲ ಅವರು. ಕೀಲಿಕೈಯನ್ನು ತೂಕದ ಕಟ್ಟೆಯ ಮೇಲೆ, ನನ್ನ ಕೈ ಇದ್ದ ಕಡೆ ಇಟ್ಟು, ಆಫೀಸಿನೊಳಗೆ ಹೋದರು. ಹನುಮವ್ವ ಅದನ್ನು ನೋಡಿ, “ಇನ್ನೊಂದು ಹಬ್ಬಕ್ಕ ಊರಿಗೆ ಹೋಗೋವಾಗ ಆ ಕೀಲಿಕೈ ನನಗ ಕೊಟ್ಟು ಹೋಗೋ ಮಿಸ್ತ್ರಿ” ಎಂದಳು. ಆಗ ಎಲ್ಲರೂ ನಕ್ಕರು. ನಾನು ನಕ್ಕೆನೋ ಇಲ್ಲವೋ ನೆನಪಿಲ್ಲ. ಕೀಲಿಕೈಯನ್ನು ಉಡದಾರಕ್ಕೆ ಕಟ್ಟುವಾಗ ಗಂಟು ಒಂದೇ ಸಲಕ್ಕೆ ಬಿತ್ತು.

ಆಮೇಲೆ ಅಂಗಡಿಯ ಪರದೆ ಹೋಯಿತು. ಮಿಲ್ಲಿನವರು, ಟಾಕೀಸಿನವರು ನೇರವಾಗಿ “ಅಕ್ಕಾರು ಅದಾರೇನ್ರಿ” ಎಂದೇ ಕೇಳಿ ಬರತೊಡಗಿದರು. ಗಂಡನಿಗೆ ಇದರಿಂದ ಬೇಸರವೇನೂ ಆಗಲಿಲ್ಲ. “ಹೆಡ್ಡಾಫೀಸು ಹೊರಗ ಬಂದೈತಿ” ಎನ್ನುತ್ತಿದ್ದರು. ಪರದೆ ತೆಗೆದದ್ದೇಕೆ ಎಂದು ನಾನು ಅಕ್ಕಾರನ್ನು ಕೇಳಿದ್ದೆ. “ಒಳಗ ಬೆಳಕು ಸಾಲ್ತಿರಲಿಲ್ಲ” ಎಂದರು. ಅವರು ಯಾವುದಕ್ಕೂ ಅದಕ್ಕಿಂತ ದೊಡ್ಡ ಕಾರಣ ಕೊಟ್ಟವರಲ್ಲ. ಹಲಗೆಯ ಮೇಲೆ ಹೆಸರು ಬರೆಸಿರಿ ಎಂದರೆ, ಬಣ್ಣದವನು ಅಕ್ಷರ ತಪ್ಪು ಬರೀತಾನೆ ಎಂದು ತಳ್ಳಿಹಾಕಿದರು.

ನನಗೆ ಬೋರ್ಡಿನ ಕೆಲಸ ಕಲಿಸಿದ್ದು ಅವರೇ. ಭಾನುವಾರ ಹೋಗಿ ಕೂರುತ್ತಿದ್ದೆ. ಹೊಗಳಿದ್ದು ಮಿಲ್ಲಿನಲ್ಲಿ ಆಡಿದ ಆ ಒಂದು ಮಾತೇ ಕೊನೆ. ಮೇಜಿನ ಮುಂದೆ ಬರಿ ಬೈದರು. ನನ್ನ ಬೆಸುಗೆ ನೋಡಿ ಒಮ್ಮೆ, “ಇದು ಬೆಸುಗೆ ಅಲ್ಲಯ್ಯಾ, ಸಗಣಿ ಕುಳ್ಳು” ಎಂದರು. ಕುಳ್ಳು ಹಚ್ಚುವುದಕ್ಕೂ ಕೈ ಬೇಕು ಎಂದೆ ನಾನು. “ಹಂಗಾರ ಗ್ವಾಡಿಗೆ ಹಚ್ಚು, ಬೋರ್ಡಿಗೆ ಬ್ಯಾಡ” ಎಂದು ಕಡ್ಡಿಯನ್ನು ಮತ್ತೆ ನನ್ನ ಕೈಗೇ ಕೊಟ್ಟರು.

ಕಲಿಯುತ್ತ ಹೋದ ಹಾಗೆ ನನಗೊಂದು ಸಂಗತಿ ಕಂಡಿತು. ಅಕ್ಕಾರು ನೀರು ಬಿದ್ದ ಯಾವ ಬೋರ್ಡನ್ನೂ ಒಂದರಿಂದಲೇ ತೊಳೆಯುತ್ತಿರಲಿಲ್ಲ. ಚಹಾ ಬಿದ್ದಿರಲಿ, ಮಳೆನೀರು ಬಿದ್ದಿರಲಿ, ಮೊದಲು ಬಿಸಿನೀರು, ಅದರ ಮೇಲೆ ಸ್ಪಿರಿಟ್ಟು. ತಂದವರನ್ನು ಏನು ಬಿತ್ತು ಎಂದು ಕೇಳುತ್ತಲೂ ಇರಲಿಲ್ಲ. ಆ ದಿನ ಮಿಲ್ಲಿನಲ್ಲಿಯೂ ಕೊನೆಗೆ ಎರಡರಿಂದಲೂ ತೊಳೆದದ್ದು ನನ್ನ ಕಣ್ಣ ಮುಂದೆಯೇ. ಪೆಟ್ಟಿಗೆಯ ತಳದಲ್ಲಿ ಬ್ಯಾಟರಿಯ ಬೆಳಕು ಒಂದು ಗಳಿಗೆ ನಿಂತದ್ದು, ಅದೇ ತಳದಲ್ಲಿ ನನಗೆ ನಾರು ಸಿಕ್ಕದ್ದು, ಇವೆಲ್ಲ ಬಹಳ ದಿನ ಬೇರೆಬೇರೆಯಾಗಿಯೇ ತಲೆಯಲ್ಲಿದ್ದವು.

ಒಂದು ಭಾನುವಾರ ಅವರು ಬೆಸುಗೆ ಮುಗಿಸಿ ಉಸಿರು ಬಿಡುವತನಕ ಕಾದು ಕೇಳಿದೆ.

“ಅಕ್ಕಾರ, ಅವತ್ತು ಮಿಲ್ಲಿನಾಗ ಯಾವ ನೀರು ಬಿದ್ದಿದ್ರೂ ಎರಡರಿಂದನೂ ತೊಳದ್ರ ಸಾಕಾಗ್ತಿತ್ತಲ್ಲ?”

ಅವರು ಕಾದ ಕಡ್ಡಿಯನ್ನು ಒದ್ದೆ ಅರಿವೆಗೆ ಒರಸಿದರು. ಚುಸ್ಸೆಂದಿತು.

“ಬೋರ್ಡಿಗೆ ಸಾಕಾಗ್ತಿತ್ತು” ಎಂದರು. ಮುಂದಿನ ಬೋರ್ಡು ಎತ್ತಿಕೊಂಡು ಮೂಸಿದರು.